ಗಂಟೆಗೆ ಹತ್ತು ನಿಮಿಷ

ಮಾರ್ಚ್ 3, ಮಂಗಳವಾರ, ಮಧ್ಯಾಹ್ನ 12.10

ಇವತ್ತಿನ ಆರನೇ ಬಿಡುವು ಮುಗಿಯಿತು. ಟೈಮರ್ ಕಿರ್ ಎಂದಿತು, ಇವರು ಮತ್ತೆ ಮುಖ ಕೆಳಗೆ ಹಾಕಿದರು. ಇನ್ನು ಐವತ್ತು ನಿಮಿಷ ನನ್ನದು. ನನ್ನದು ಅಂದರೆ ಬಟ್ಟೆ ಒಗೆಯುವುದು, ನೆಲ ಒರೆಸುವುದು, ಮೂರು ಬಗೆಯ ಡ್ರಾಪ್ಸ್‌ನಲ್ಲಿ ಯಾವುದು ಯಾವಾಗ ಎಂದು ತಲೆ ಕೆಡಿಸಿಕೊಳ್ಳುವುದು.

ಡ್ರಾಪ್ಸ್ ಹಾಕಿದ ಹೊತ್ತು ಗುರುತು ಹಾಕಲು ಕೊಂಡ ನೋಟ್‌ಬುಕ್ ಇದು. ಹಿಂದಿನ ಪುಟಗಳಿಂದ ನನ್ನ ಗೋಳು ಶುರು. ಯಾರೂ ಓದುವುದಿಲ್ಲ. ಓದಬಹುದಾದ ಒಬ್ಬರಿಗೆ ಕಣ್ಣಿಲ್ಲ.

ಹೀಗೆ ಬರೆಯಬಾರದಿತ್ತು. ಇರಲಿ, ಹೊಡೆದು ಹಾಕುವುದಿಲ್ಲ.

ಲೇಡಿ ಡಾಕ್ಟರು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ಇವರ ಬಲಗಣ್ಣಿನ ಒಳಗಿನ ಪರದೆ ಬಿಟ್ಟುಕೊಂಡಿತ್ತು. ಶನಿವಾರ ಆಪರೇಷನ್ ಮಾಡಿ ಅಂಟಿಸಿದ್ದಾರೆ. ಒಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಮುಖ ನೆಲಕ್ಕೆ ಮಾಡಿದ್ದರೆ ಅದು ಹಿಂದಿನ ಪರದೆಯನ್ನು ಒತ್ತಿ ಹಿಡಿಯುತ್ತದೆ, ಅಂಟು ಕೂರುತ್ತದೆ. ಮುಖ ಎತ್ತಿದರೆ ಒತ್ತು ತಪ್ಪುತ್ತದೆ. ಆದ್ದರಿಂದ ಇಪ್ಪತ್ತೊಂದು ದಿನ ಮುಖ ಕೆಳಗೆ. ಕೂತರೂ, ಮಲಗಿದರೂ, ನಡೆದರೂ. ಗಂಟೆಗೆ ಹತ್ತು ನಿಮಿಷ ಮಾತ್ರ ಎತ್ತಬಹುದು.

ಎಡಗಣ್ಣು ಹದಿನಾಲ್ಕು ವರ್ಷದ ಹಿಂದೆ ಇದೇ ಕಾಯಿಲೆಯಲ್ಲಿ ಹೋಯಿತು. ಈಗ ಇರುವುದು ಇದೊಂದೇ.

ಮಾರ್ಚ್ 4, ಬುಧವಾರ

ಬೆಳಿಗ್ಗೆ ಇವರು ಹೇಳಿದ್ದು: "ಏನೂ ತಪ್ಪು ಮಾಡ್ದೆ ಹೀಗೆ ತಲೆ ತಗ್ಗಿಸಿ ಕೂತಿರೋ ಗಂಡ ಅಂದ್ರೆ ನಾನೊಬ್ನೇ ಕಣೇ."

"ತಪ್ಪು ಮಾಡಿರೋದು ನನಗೆ ಗೊತ್ತಾಗಿಲ್ಲ ಅನ್ನಿ" ಎಂದೆ. ನಕ್ಕರು. ಬೆನ್ನು ಅಲುಗಿದ್ದರಿಂದ ಗೊತ್ತಾಯಿತು. ಮುಖ ಕಾಣುವುದಿಲ್ಲವಲ್ಲ, ನಗುವನ್ನೂ ಬೆನ್ನಲ್ಲೇ ನೋಡಬೇಕು.

ಇವರು ಕೆಲಸ ಮಾಡುವ ಬೇಕರಿಯಿಂದ ಹಿಟ್ಟು ಕಲಸುವಾತ ಬಂದು ಬಿಸಿ ಬ್ರೆಡ್ ಕೊಟ್ಟು ಹೋದ. ಇಪ್ಪತ್ತೇಳು ವರ್ಷ ಇವರ ಪಕ್ಕದಲ್ಲೇ ನಿಂತವನು, ಬಾಗಿಲಲ್ಲೇ ಕಣ್ಣು ಒರೆಸಿಕೊಂಡ. ಇವರು ಒಳಗಿನಿಂದಲೇ ವಾಸನೆ ಹಿಡಿದು ಕೇಳಿದರು, "ಒಲೆಗೆ ಯಾರು ನಿಂತಿದ್ರು? ಎರಡು ನಿಮಿಷ ಜಾಸ್ತಿ ಬಿಟ್ಟಿದ್ದಾರೆ." ನಿಂತಿದ್ದವನು ಅವನೇ.

ಆಮೇಲೆ ಎರಡು ಚೂರು ಕಾವಲಿ ಮೇಲಿಟ್ಟು ಬಟ್ಟೆ ಹರವಲು ಹಿತ್ತಲಿಗೆ ಹೋಗಿದ್ದೆ. ಕೋಣೆಯಿಂದ ಕೂಗು: "ತೆಗಿಯೇ, ಆಯ್ತು." ಓಡಿ ಬಂದು ನೋಡಿದರೆ ಹದವಾಗಿ ಕೆಂಪಗಾಗಿದೆ. ಇವರು ಇಷ್ಟು ವರ್ಷ ಒಲೆಯ ಮುಂದೆ ಗಡಿಯಾರ ನೋಡಿದವರಲ್ಲ. ಹೊತ್ತು ಒಳಗೇ ಗೊತ್ತಾಗುತ್ತದೆ, ಬಣ್ಣ ಕಣ್ಣಿಗೆ ಗೊತ್ತಾಗುತ್ತದೆ, ಟ್ರೇ ಎಳೆಯುತ್ತಾರೆ. ಇಪ್ಪತ್ತೈದು ವರ್ಷ ತುಂಬಿದಾಗ ಮಾಲೀಕರು ಈ ಟೈಮರ್ ಉಡುಗೊರೆ ಕೊಟ್ಟಿದ್ದರು. "ನನಗ್ಯಾಕೆ ಇದು, ಇವರಿಗೆ ಬೇರೆ ಏನೂ ಸಿಗ್ಲಿಲ್ವಾ" ಎಂದು ಅಲಮಾರಿಗೆ ಎಸೆದಿದ್ದರು. ಈಗ ನನ್ನ ಕೈಯಲ್ಲಿದೆ.

ಬಣ್ಣ ನೋಡುವ ಕಣ್ಣು ಹೋದರೆ ಈ ಮನುಷ್ಯ ಏನು ಮಾಡುತ್ತಾರೆ... ಯೋಚಿಸುವುದಿಲ್ಲ.

ಮಾರ್ಚ್ 6, ಶುಕ್ರವಾರ

ದಿಂಬಿನ ಮೇಲೆ ದಿಂಬು ಪೇರಿಸಿ ಸಾಕಾಯಿತು. ಹಣೆ ಒತ್ತಿ ಗಾಯವಾಗುತ್ತಿದೆ. ಮೇಲಿನ ಮನೆಯವರನ್ನು ಕೇಳಿ ಅವರ ಮಗುವಿನ ಈಜುವ ಟ್ಯೂಬ್ ತಂದೆ. ಹಳದಿ ಬಣ್ಣ, ಬಾತುಕೋಳಿಯ ತಲೆ ಬೇರೆ. ಎರಡು ಸ್ಟೂಲುಗಳ ಮೇಲಿಟ್ಟು ಟವೆಲ್ ಸುತ್ತಿದೆ. ಮುಖವನ್ನು ಆ ತೂತಿನಲ್ಲಿಟ್ಟು ಕೂತರು. ಉಸಿರಾಡಲು ಜಾಗ, ಹಣೆಗೂ ಮೆತ್ತಗೆ. "ಸ್ವರ್ಗ ಕಣೇ" ಎಂದರು. ಸ್ವರ್ಗಕ್ಕೆ ಬಾತುಕೋಳಿ ಇದೆ ಎಂದು ಗೊತ್ತಿರಲಿಲ್ಲ.

ನಾನು ನೆಲದ ಮೇಲೆ ಅಂಗಾತ ಮಲಗಿ ಸ್ಟೂಲುಗಳ ನಡುವೆ ತಲೆ ತೂರಿಸಿದೆ. ಮುಖಕ್ಕೆ ಮುಖ. ಅವರಿಗೆ ಮಂಜು ಮಂಜು, ನನಗೆ ಸ್ಪಷ್ಟ. ಗಲ್ಲ ಜೋತುಬಿದ್ದಿದೆ, ಕಣ್ಣು ಕೆಂಡ. ಟೀ ಲೋಟಕ್ಕೆ ಸ್ಟ್ರಾ ಹಾಕಿ ಕೆಳಗಿನಿಂದ ಹಿಡಿದೆ, ಎರಡು ತೊಟ್ಟು ನನ್ನ ಕತ್ತಿನ ಮೇಲೆ ಬಿತ್ತು. ಇಬ್ಬರೂ ನಕ್ಕೆವು. ಮುಖದಲ್ಲೇ ಕಂಡ ನಗು, ಆರು ದಿನದ ಮೇಲೆ.

ಸೊಂಟ ಹಿಡಿದುಕೊಂಡಿತು. ಏಳಲು ಬಾಗಿಲ ಚೌಕಟ್ಟು ಹಿಡಿಯಬೇಕಾಯಿತು.

ಮಾರ್ಚ್ 8, ಭಾನುವಾರ

ಅತ್ತಿಗೆ ಬಂದಿದ್ದರು. ಇವರ ಅಕ್ಕ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟವರು, ರಿಟೈರ್ ಆದರೂ ಸೀಟಿ ಕೈಚೀಲದಲ್ಲಿದೆ. ಹತ್ತು ನಿಮಿಷ ಆಗುತ್ತಲೇ "ಸಾಕು, ಕೆಳಗೆ" ಎಂದರು. ಇವರು ಟೀ ಲೋಟದಲ್ಲಿ ಇನ್ನೂ ಅರ್ಧ ಉಳಿಸಿದ್ದರು.

"ಕುಡಿದು ಮುಗಿಸ್ಲಿ ಅತ್ತಿಗೆ" ಎಂದೆ.

"ಟೀ ಇನ್ನೊಂದ್ಸಲ ಮಾಡ್ಬಹುದು. ಕಣ್ಣು ಮಾಡಕ್ಕಾಗತ್ತಾ?"

ಕಲ್ಲು ಮನಸ್ಸಿನ ಹೆಂಗಸು. ಅವರು ಹೋದ ಮೇಲೆ ನಾನು ಸೀಟಿ ಊದಿದ ಹಾಗೆ ಮಾಡಿ ತೋರಿಸಿದೆ, ಇವರ ಬೆನ್ನು ಕುಲುಕಿತು.

ಮಾರ್ಚ್ 9, ಸೋಮವಾರ

ಚೆಕಪ್. ಟ್ಯಾಕ್ಸಿಯಲ್ಲಿ ಹೋಗುವಾಗಲೂ ಮುಖ ಮಡಿಲಿಗೆ. ಲೇಡಿ ಡಾಕ್ಟರು ನೋಡಿ, "ಚೆನ್ನಾಗಿ ಕೂತಿದೆ. ಹೀಗೇ ಮುಂದುವರಿಸಿ" ಎಂದರು. ನನ್ನ ಕಡೆ ತಿರುಗಿ, "ನಿಮ್ಮ ಕೈಯಲ್ಲೇ ಇರೋದು ಇನ್ನು" ಎಂದರು. ಹಿಗ್ಗಿಹೋದೆ. ಬರುವ ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ.

ಮಾರ್ಚ್ 10, ಮಂಗಳವಾರ, ಸಂಜೆ 5.30

ನಾಲ್ಕು ಗಂಟೆಗೆ ಇವರು ಕೇಳಿದರು, "ಬೆಳಗಾಯ್ತೇನೇ?"

ಕಾವಲಿಯ ಮೇಲಿನ ಬ್ರೆಡ್‌ನ ಹೊತ್ತು ಬಲ್ಲವರಿಗೆ ಹಗಲು ಇರುಳು ಗೊತ್ತಾಗುತ್ತಿಲ್ಲ. ಸಂಜೆ ಅಂದೆ. ಸ್ವಲ್ಪ ಹೊತ್ತಿಗೆ ಟ್ಯೂಬಿನ ಕೆಳಗೆ ನೆಲದ ಮೇಲೆ ತೊಟ್ಟು ಬಿದ್ದಿದ್ದು ಕಂಡಿತು. ಮೊದಲು ಡ್ರಾಪ್ಸ್ ಸೋರಿದೆ ಅಂದುಕೊಂಡೆ. ಅಳುತ್ತಿದ್ದರು. ಮದುವೆಯಾದ ಮೇಲೆ ಎರಡನೇ ಸಲ ನೋಡಿದ್ದು, ಮೊದಲನೆಯದು ಅವರಪ್ಪ ಹೋದಾಗ.

"ಕುತ್ತಿಗೆ ಕಡಿದು ಪಕ್ಕಕ್ಕಿಡು, ಇಪ್ಪತ್ತೊಂದು ದಿನ ಆದ್ಮೇಲೆ ಜೋಡಿಸು" ಎಂದರು.

ಮುಂದಿನ ಬಿಡುವಿಗೆ ಟೈಮರ್ ಹನ್ನೆರಡಕ್ಕೆ ತಿರುಗಿಸಿದೆ. ಎರಡು ನಿಮಿಷ. ಚೆನ್ನಾಗಿ ಕೂತಿದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ. ಇವರಿಗೆ ಗೊತ್ತಾಗಲಿಲ್ಲ. ಹೊತ್ತಿನ ಲೆಕ್ಕ ತಪ್ಪಿಹೋಗಿದೆ, ಪಾಪ.

ಮಾರ್ಚ್ 13, ಶುಕ್ರವಾರ

ಹದಿನೈದು.

ಹತ್ತರಲ್ಲಿ ಟಾಯ್ಲೆಟ್, ಡ್ರಾಪ್ಸ್, ಎರಡು ಗುಟುಕು, ಮುಗಿಯಿತು. ಹದಿನೈದರಲ್ಲಿ ಟೀ ಮುಗಿದ ಮೇಲೂ ಒಂದಿಷ್ಟು ಉಳಿಯುತ್ತದೆ. ಆ ಉಳಿದದ್ದರಲ್ಲೇ ನಾವು ಮನುಷ್ಯರಾಗಿರುವುದು. ಬಿಸಿನೀರಲ್ಲಿ ಹಿಂಡಿದ ಟವೆಲ್ ಕತ್ತಿನ ಹಿಂದೆ ಹಾಕಿದರೆ ಇವರು "ಹಾ..." ಎನ್ನುತ್ತಾರೆ. ಆ ಒಂದು ಹಾ ಕೇಳಲು ದಿನಕ್ಕೆ ಎಂಟು ಸಲ ನೀರು ಕಾಯಿಸುತ್ತೇನೆ. ಕಿತ್ತಳೆ ತೊಳೆಯ ನಾರು ಬಿಡಿಸಿ ಬಾಯಿಗಿಡುತ್ತೇನೆ. ಬೆರಳ ಸಂದಿಗೆ ಎಣ್ಣೆ ತಿಕ್ಕುತ್ತೇನೆ. ಕಿಟಕಿಯ ಬಿಸಿಲು ಹತ್ತೂವರೆಗೆ ಕುರ್ಚಿಯ ಮೇಲೆ ಬರುತ್ತದೆ, ಅದಕ್ಕೆ ಸರಿಯಾಗಿ ಬಿಡುವು ಹೊಂದಿಸುತ್ತೇನೆ. ನಿನ್ನೆ ಗಡ್ಡ ಹೆರೆದೆ, ಕಿವಿ ಹತ್ತಿರ ಸ್ವಲ್ಪ ಗೀರಿತು. "ಬನ್ ಮೇಲೆ ಗೆರೆ ಎಳೆಯೋ ಕೆಲಸಕ್ಕೆ ಸೇರ್ಕೋ" ಎಂದರು.

ನಾನು ಕೆಲಸ ಮಾಡುವ ಡ್ರೈಕ್ಲೀನಿಂಗ್ ಅಂಗಡಿಯಿಂದ ಸೂಪರ್‌ವೈಸರ್ ಫೋನ್. ನಾನಿಲ್ಲದೆ ಚೀಟಿಗಳೆಲ್ಲ ಅದಲು ಬದಲು, ಯಾರದೋ ಕೋಟು ಯಾರಿಗೋ ಹೋಗಿದೆಯಂತೆ. ಯಾವಾಗ ಬರ್ತೀರಾ ಎಂದರು. ಬಟ್ಟೆಯ ರಾಶಿ, ಹಬೆಯ ವಾಸನೆ, ನಿಂತೂ ನಿಂತೂ ಊದುವ ಕಾಲು, ಎಲ್ಲ ನೆನಪಾಗಿ ಆಸೆಯಾಯಿತು. ಕೆಲಸಕ್ಕೆ ಆಸೆಪಡುವಷ್ಟು ಗತಿಗೆಟ್ಟಿದ್ದೇನೆ.

ಮಾರ್ಚ್ 15, ಭಾನುವಾರ

ಅತ್ತಿಗೆ ಇದ್ದಷ್ಟು ಹೊತ್ತು ಹತ್ತಕ್ಕೇ ಇಟ್ಟೆ. ಮೊದಲ ಸಲ ಟೈಮರ್ ಹೊಡೆದಾಗ ಇವರು ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡು ತಲೆ ತಗ್ಗಿಸಿದರು.

ಅವರು ಹೋದ ಮೇಲೆ ಹದಿನೈದು.

ಮಾರ್ಚ್ 18, ಬುಧವಾರ, ಸಂಜೆ 6

ಇವತ್ತು ಇಪ್ಪತ್ತು ಇಟ್ಟೆ. ಒಂದೇ ಸಲ.

ಐದು ಗಂಟೆಗೆ ಹಿತ್ತಲ ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತೆವು. ಪಾದದ ಮೇಲೆ ಬಿಸಿಲು. ತಂತಿಯ ಮೇಲಿನ ಬಟ್ಟೆ ಒಣಗಿದ ವಾಸನೆ. ಇವರು ಬೇಕರಿಗೆ ಸೇರಿದ ಮೊದಲ ದಿನ ನೂರಿಪ್ಪತ್ತು ಬನ್ನು ಕರಕಲು ಮಾಡಿ, ಮಾಲೀಕರು ಬರುವ ಮೊದಲು ತಿಂದು ಮುಗಿಸೋಣ ಅಂತ ಹಿಟ್ಟಿನವನೂ ಇವರೂ ಗೋಡೆ ಹಿಂದೆ ಕೂತ ಕಥೆ. ನೂರು ಸಲ ಕೇಳಿದ್ದೇನೆ. ಪ್ರತಿ ಸಲ ಬನ್ನಿನ ಸಂಖ್ಯೆ ಏರುತ್ತದೆ. ಇವರ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ. ತಿಂಗಳಲ್ಲಿ ಮೊದಲ ಸಲ ಮೈಯಲ್ಲಿನ ನೋವು ಎಲ್ಲಿದೆ ಎಂದು ಹುಡುಕಬೇಕಾಯಿತು.

ಟೈಮರ್ ಹೊಡೆದಾಗ ಇಬ್ಬರೂ ತಕ್ಷಣ ಏಳಲಿಲ್ಲ.

ಇನ್ನು ಮೂರೇ ದಿನ.

ಮಾರ್ಚ್ 21, ಶನಿವಾರ

ಪರದೆಯ ಕೆಳಗಿನ ಅಂಚು ಎದ್ದಿದೆ.

ಡಾಕ್ಟರು ಮೂರು ಸಲ ಲೈಟ್ ಬಿಟ್ಟು ನೋಡಿದರು. ನನಗೆ ಆಗಲೇ ಗೊತ್ತಾಯಿತು. ಮತ್ತೆ ಆಪರೇಷನ್ ಆಗಬೇಕು, ಅಲ್ಲಿಯವರೆಗೂ ಮುಖ ಕೆಳಗೇ, ಆಮೇಲೆ ಮತ್ತೆ ಇಪ್ಪತ್ತೊಂದು ದಿನ. "ಈ ಸಲ ಅರ್ಧಕ್ಕರ್ಧ ಅಂತ ಇಟ್ಕೊಳ್ಳಿ, ಜಾಸ್ತಿ ಆಸೆ ಹುಟ್ಟಿಸಲ್ಲ ನಾನು" ಎಂದರು. ಆಮೇಲೆ ಕೇಳಿದರು, "ಪೊಸಿಷನ್ ಸರಿಯಾಗಿ ಇಟ್ಟಿದ್ರಾ? ಗಂಟೆಗೆ ಹತ್ತೇ ನಿಮಿಷ ತಾನೇ?"

"ಹೌದು" ಎಂದೆ. "ಹತ್ತೇ."

ಇವರು ಪಕ್ಕದಲ್ಲೇ ಗದ್ದ ಸ್ಟ್ಯಾಂಡಿನ ಮೇಲಿಟ್ಟು ಕೂತಿದ್ದರು. ಒಂದು ಮಾತಿಲ್ಲ.

ಟ್ಯಾಕ್ಸಿಯಲ್ಲೂ ಇಲ್ಲ. ಮನೆಗೆ ಬಂದು ಬಾತುಕೋಳಿಯ ಟ್ಯೂಬಿಗೆ ಮುಖ ಕೊಟ್ಟು ಕೂತರು. ಟವೆಲ್ ಬಿಸಿ ಮಾಡಿ ತಂದೆ, ಬೇಡ ಅಂದರು.

ಮಾರ್ಚ್ 22, ಭಾನುವಾರ

ಅತ್ತಿಗೆಗೆ ಬರಬೇಡಿ ಎಂದು ಫೋನ್ ಮಾಡಿದೆ. ತಲೆನೋವು ಎಂದೆ.

ಹನ್ನೊಂದರ ಬಿಡುವು. ಟೈಮರ್ ಹತ್ತಕ್ಕಿಟ್ಟೆ. ಅದು ಹೊಡೆಯಿತು. ತಲೆ ತಗ್ಗಿಸುತ್ತಾ ಇವರು ಕೇಳಿದರು, ಸಿಟ್ಟಿಲ್ಲದೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ.

"ಹದಿನೈದು ಅಂತ ಯಾರು ಹೇಳಿದ್ರು ನಿನಗೆ?"

ಇವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು, ಹದಿನೈದಕ್ಕೂ ಹದಿನೇಳಕ್ಕೂ ಇರುವ ವ್ಯತ್ಯಾಸದಲ್ಲೇ ಇಪ್ಪತ್ತೇಳು ವರ್ಷ ಅನ್ನ ತಿಂದ ಮನುಷ್ಯ. ಇಡೀ ಜಗತ್ತಿನಲ್ಲಿ ಯಾರನ್ನಾದರೂ ಹೊತ್ತಿನ ವಿಷಯದಲ್ಲಿ ಏಮಾರಿಸಬಹುದು, ಇವರನ್ನಲ್ಲ. ಇದನ್ನು ನಾನೇ ಹತ್ತು ಜನರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ. ಒಂದು ಸಂಜೆ ಬೆಳಗಾಯ್ತಾ ಎಂದು ಕೇಳಿದ್ದಕ್ಕೆ ಎಲ್ಲ ಮರೆತುಹೋಗಿದೆ ಅಂದುಕೊಂಡೆನಲ್ಲ.

"ಯಾರೂ ಹೇಳ್ಲಿಲ್ಲ" ಎಂದೆ. "ನೀವು ಅಳ್ತಿದ್ರಿ."

ಟ್ಯೂಬಿನ ಟವೆಲ್ ಸರಿಮಾಡಿಕೊಂಡರು.

"ನಾನು ಡಾಕ್ಟ್ರು ನಿನಗೆ ಹೇಳಿರ್ಬೇಕು ಅಂದ್ಕೊಂಡೆ. ಚೆನ್ನಾಗಿ ಕೂತಿದೆ ಅಂದ್ರಲ್ಲ, ಸ್ವಲ್ಪ ಸಡಿಲ ಬಿಟ್ಟಿದ್ದಾರೆ ಅಂತ." ಆಮೇಲೆ ಅಂದರು, "ಅಕ್ಕ ಬಂದಾಗ ಹತ್ತಕ್ಕಿಟ್ಟೆ ನೋಡು, ಆಗ ಅನುಮಾನ ಬಂತು."

"ಕೇಳ್ಬಹುದಿತ್ತಲ್ರೀ."

"ಕೇಳಿದ್ರೆ ಹತ್ತಾಗ್ಬಿಡತ್ತಲ್ಲ."

ಅಡುಗೆಮನೆಗೆ ಬಂದು ಸಿಂಕಿನ ನಲ್ಲಿ ಜೋರಾಗಿ ತಿರುಗಿಸಿ ಅತ್ತೆ. ಅಳುವುದಕ್ಕೂ ನನಗೆ ಸದ್ದು ಬೇಕು.

ಅದೇ ದಿನ, ಮಧ್ಯಾಹ್ನ 3

ಒಂದು ಮಾತು ಬರೆಯದಿದ್ದರೆ ಈ ಪುಸ್ತಕ ಇಟ್ಟು ಪ್ರಯೋಜನವಿಲ್ಲ. ಇವರು ಅತ್ತರೆಂದು ಮಾತ್ರ ಅಲ್ಲ. ನನಗೂ ಬೇಕಿತ್ತು. ಐವತ್ತು ನಿಮಿಷ ಬೆನ್ನು ನೋಡಿ ನೋಡಿ, ಎದುರು ಕೂತ ಮುಖ ಬೇಕಿತ್ತು. ಇನ್ನೊಂದು ಗುಟುಕು ಟೀ ಬೇಕಿತ್ತು. ನನ್ನ ಸುಖಕ್ಕೆ ಇವರ ಕಣ್ಣಿನಿಂದ ನಿಮಿಷ ತೆಗೆದೆ.

ಮಾರ್ಚ್ 25, ಬುಧವಾರ

ಎರಡು ದಿನ ಬರೆಯಲಿಲ್ಲ. ಇವರು ಬೇಕಾದಷ್ಟೇ ಮಾತಾಡುತ್ತಾರೆ. ಡ್ರಾಪ್ಸ್, ನೀರು, ಆಯ್ತು. ನಿನ್ನೆ ಒಮ್ಮೆ ಮಾತ್ರ ಸಿಟ್ಟು. ಟೀ ಕೊಟ್ಟೆ, ಸ್ಟ್ರಾ ಬಾಗಿತ್ತು, ಲೋಟ ಕೈಯಿಂದ ಹೊಡೆದರು. ಗೋಡೆಗೆಲ್ಲ ಟೀ. "ಡಾಕ್ಟ್ರ ಮುಂದೆ ಹತ್ತೇ ಅಂದ್ಯಲ್ಲ, ಅಷ್ಟು ಸಲೀಸಾಗಿ" ಎಂದರು. ಕಣ್ಣಿಗಿಂತ ಆ ಸುಳ್ಳು ಹೆಚ್ಚು ಚುಚ್ಚಿದೆ. ಗೋಡೆ ಒರೆಸಿದೆ.

ಇವತ್ತು ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹನ್ನೆರಡು, ಹದಿನೈದು, ಒಂದು ಸಲ ಇಪ್ಪತ್ತು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದರೆ ಚೆನ್ನಾಗಿತ್ತು.

"ಅದರಿಂದಲೇ ಆಯ್ತಾ ಡಾಕ್ಟ್ರೇ?"

"ಹೇಳಕ್ಕಾಗಲ್ಲಮ್ಮ. ಆಗಿರ್ಬಹುದು. ಸರಿಯಾಗಿ ಇಟ್ಟವರಿಗೂ ಆಗತ್ತೆ ಕೆಲವು ಸಲ."

ಹೌದು ಎಂದಿದ್ದರೆ ಸಾಯುವವರೆಗೆ ಹೊತ್ತುಕೊಳ್ಳುತ್ತಿದ್ದೆ. ಅಲ್ಲ ಎಂದಿದ್ದರೆ ಇವತ್ತು ಒಂದು ತುತ್ತು ಇಳಿಯುತ್ತಿತ್ತು. ಎರಡೂ ಸಿಗಲಿಲ್ಲ.

ನಾಳೆ ಆಪರೇಷನ್.

ಮಾರ್ಚ್ 27, ಶುಕ್ರವಾರ

ಆಯಿತು. ಹೊಸ ಗುಳ್ಳೆ. ಮತ್ತೆ ಒಂದನೇ ದಿನ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು, "ಇದು ಕೂರದಿದ್ರೆ ಇನ್ನೊಂದು ಸಲ ನಾನು ಕೈ ಹಾಕಲ್ಲ" ಎಂದರು. ಅಷ್ಟೇ ನೇರವಾಗಿ. ಇವರು ತಲೆಯಾಡಿಸಿದರು, ಕೆಳಗೆ ನೋಡುತ್ತಲೇ.

ಮಾರ್ಚ್ 29, ಭಾನುವಾರ

ಅತ್ತಿಗೆಗೆ ಹೇಳಿಬಿಟ್ಟೆ. ಕೂಗಾಡಲಿಲ್ಲ. ತುಂಬ ಹೊತ್ತು ನನ್ನನ್ನೇ ನೋಡಿ, ಬಾತುಕೋಳಿಯನ್ನು ನೋಡಿ, ಕೊನೆಗೆ, "ನಿನ್ನ ಜಾಗದಲ್ಲಿದ್ರೆ ನಾನೂ... ಇಲ್ಲ, ನಾನು ಮಾಡ್ತಿರ್ಲಿಲ್ಲ" ಎಂದರು. ಸುಳ್ಳು ಹೇಳಲು ಬರದ ಹೆಂಗಸು. ಕಲ್ಲು ಮನಸ್ಸು ಎಂದು ಬರೆದಿದ್ದೆ. ನನಗೂ ಸ್ವಲ್ಪ ಕಲ್ಲು ಬೇಕಿತ್ತು.

ಟೈಮರ್ ಅವರ ಮುಂದಿಟ್ಟು, "ನೀವೇ ಇದ್ದುಬಿಡಿ ಅತ್ತಿಗೆ, ಮೂರು ವಾರ. ಇದು ನನ್ನ ಕೈಯಲ್ಲಿ ಬೇಡ" ಎಂದೆ. ಅವರು ಒಪ್ಪಿ ಬ್ಯಾಗ್ ತರಲು ಎದ್ದೇಬಿಟ್ಟರು.

ಟ್ಯೂಬಿನೊಳಗಿನಿಂದ ಇವರ ದನಿ: "ಬೇಡ ಅಕ್ಕ. ಅವಳೇ ಇಡ್ಲಿ."

ನಂಬಿಕೆಯಿಂದ ಹೇಳಿದರೋ, ಅಕ್ಕನಾದರೆ ಒಂದು ನಿಮಿಷವೂ ಸಿಗುವುದಿಲ್ಲ ಎಂದೋ... ಇವರಿಗೂ ಗೊತ್ತಿಲ್ಲದಿರಬಹುದು. ಅತ್ತಿಗೆ ಟೈಮರ್ ನನ್ನ ಕೈಗಿಟ್ಟು ಬೆರಳು ಮಡಿಸಿದರು. ಹೋಗುವಾಗ ಸೀಟಿಯನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದಾರೆ. ತಮಾಷೆಗಲ್ಲ.

ಏಪ್ರಿಲ್ 1, ಬುಧವಾರ

ಹತ್ತು ಅಂದರೆ ಹತ್ತು. ಹಲ್ಲು ಕಚ್ಚಿ ಮಾಡುತ್ತಿದ್ದೇನೆ. ಕಿಟಕಿಯ ಬಿಸಿಲಿಗೆ ಹೊಂದಿಸುವುದು ಬಿಟ್ಟೆ. ಟೀ ಅರ್ಧ ಲೋಟ ಮಾತ್ರ, ಮುಗಿಯುವಷ್ಟು. ಕಥೆ ಶುರುವಾದರೆ ನಡುವೆ ನಿಲ್ಲಿಸುತ್ತೇನೆ. ಇವತ್ತು ಹಿಟ್ಟಿನವನು ಬಂದಿದ್ದ, ಇಬ್ಬರೂ ಏನೋ ಹಳೆಯದು ನೆನೆದು ನಗುತ್ತಿದ್ದರು, ಟೈಮರ್ ಹೊಡೆಯಿತು. ನಗುತ್ತಿದ್ದ ತಲೆಯನ್ನು ನಾನೇ ಹಿಡಿದು ತಗ್ಗಿಸಿದೆ. ಹಿಟ್ಟಿನವನು ನನ್ನನ್ನು ನೋಡಿದ ನೋಟ, ಯಾರೋ ಪೊಲೀಸರನ್ನು ನೋಡಿದ ಹಾಗೆ.

ಏಪ್ರಿಲ್ 4, ಶನಿವಾರ

ಇವತ್ತು ಬೇಡಿದರು.

ಇವರು ಬಾಯಿಬಿಟ್ಟು ಏನನ್ನೂ ಕೇಳುವ ಜಾತಿಯಲ್ಲ. ಮೂರರ ಬಿಡುವು, ಟೈಮರ್ ಹೊಡೆಯಿತು. ನನ್ನ ಮಣಿಕಟ್ಟು ಹಿಡಿದುಕೊಂಡರು. "ಐದು ನಿಮಿಷ ಕಣೇ. ಕತ್ತು ಬಿರಿದುಹೋಗ್ತಿದೆ. ಐದೇ. ನಾನಾಗಿ ಕೇಳ್ತಿದ್ದೀನಿ, ನಿನ್ನ ತಪ್ಪಲ್ಲ."

ಇಲ್ಲ ಎಂದೆ.

"ಹೇಗೂ ಅರ್ಧಕ್ಕರ್ಧ ಅಂದಿದ್ದಾರಲ್ಲ. ಹೋಗೋದು ಹೋಗತ್ತೆ. ಇರೋ ಅಷ್ಟು ದಿನ ನೆಟ್ಟಗೆ ಕೂತು ನಿನ್ನ ಜೊತೆ ಟೀ ಕುಡೀತೀನಿ, ಬಿಡು."

ನನಗೂ ಅದೇ ಬೇಕು, ದೇವರಾಣೆಗೂ ಅದೇ. ತಲೆಯ ಹಿಂದೆ ಎರಡೂ ಕೈ ಇಟ್ಟು ಒತ್ತಿದೆ. ಇವರು ಕತ್ತು ಬಿಗಿಹಿಡಿದರು. ನಾನು ಬಿಡಲಿಲ್ಲ. ಐವತ್ತೆರಡು ವರ್ಷದ ಹೆಂಗಸು, ಐವತ್ತೆಂಟರ ಗಂಡನ ತಲೆಯ ಜೊತೆ ಗುದ್ದಾಟ. ಕೊನೆಗೆ ಸೋತರು. ಟ್ಯೂಬಿನೊಳಗಿನಿಂದ ಅಂದರು, "ನಿನಗೆ ಕರುಣೆ ಅನ್ನೋದೇ ಇಲ್ಲ."

ಏಪ್ರಿಲ್ 5, ಭಾನುವಾರ, ಬೆಳಿಗ್ಗೆ 10.35

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಿಡುವಿಗೆ ಇನ್ನೂ ಇಪ್ಪತ್ತೈದು ನಿಮಿಷ ಇದೆ. ಇವರು ಆಗಿನಿಂದ ಕರೆಯುತ್ತಿದ್ದಾರೆ. ನೀರು ಅಂದರು, ಕೊಟ್ಟು ಬಂದೆ. ಕಾಲು ಒತ್ತು ಅಂದರು, ಒತ್ತಿ ಬಂದೆ. ಈಗ ಏನೂ ಹೇಳುತ್ತಿಲ್ಲ, ಸುಮ್ಮನೆ "ಬಾರೇ" ಅನ್ನುತ್ತಿದ್ದಾರೆ. ಯಾಕೆಂದು ಗೊತ್ತು. ಕಿಟಕಿಯ ಬಿಸಿಲು ಕುರ್ಚಿಗೆ ಬಂದಿದೆ. ಇವರಿಗೆ ಕಾಣದಿದ್ದರೂ ಗೊತ್ತಾಗುತ್ತದೆ, ಇವರಿಗೆ ಎಲ್ಲ ಗೊತ್ತಾಗುತ್ತದೆ.

ಮತ್ತೆ ಕರೆದರು. ದನಿ ಒಡೆದಿದೆ.

ಹೋದರೆ ಎತ್ತಿ ಕೂರಿಸಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಆದ್ದರಿಂದ ಹೋಗುವುದಿಲ್ಲ. ಕರೆಯಲಿ. ಬೈಯಲಿ. ಕಣ್ಣು ಬಂದ ಮೇಲೆ ನನ್ನ ಮುಖ ನೋಡದಿದ್ದರೂ ಸರಿ, ಬರಲಿ ಅಷ್ಟೇ. ಇಪ್ಪತ್ತನಾಲ್ಕು. ಸೆರಗಿನ ತುದಿಯನ್ನು ಕುರ್ಚಿಯ ಕಾಲಿಗೆ ಗಂಟು ಹಾಕಿಕೊಂಡಿದ್ದೇನೆ, ನಗು ಬರುತ್ತಿದೆ, ಅಳುವೂ. ಅಯ್ಯೋ, ಈಗ ಅತ್ತರು. ಜೋರಾಗಿ. ನಾನು ಎದ್ದೇಳುವುದಿಲ್ಲ, ಇಪ್ಪತ್ಮೂರು ನಿಮಿಷ, ಇಲ್ಲಿಯೇ ಕೂತು ಬರೆಯುತ್ತಲೇ ಇರುತ್ತೇನೆ, ಕೈ ಬರೆಯುತ್ತಿದ್ದರೆ ಕಾಲು ಏಳುವುದಿಲ್ಲ, ಕಾಲು ಏಳು—